ಆರಕ್ಕೆ ನಿಂತವನಿಗೆ

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಎದುರು, ಸೀರೆ ಅಂಗಡಿಯ ಮಾಳಿಗೆಯ ಮೇಲೆ, ದಿನವಿಡೀ ಊರವರ ಬಾಯಿ ತೆಗೆಸಿ ತನ್ನ ಬಾಯನ್ನು ಮಾತ್ರ ಮುಚ್ಚಿಕೊಂಡಿರುವ ಹಲ್ಲಿನ ಡಾಕ್ಟರ್ ಫಾರೂಕನಿಗೆ,

ಬಾಗಲಕೋಟೆಯಿಂದ ನಿನ್ನ ಜಯತೀರ್ಥ ಎಡಗೆನ್ನೆ ಊದಿಸಿಕೊಂಡು ಬರೆಯುವುದೇನೆಂದರೆ, ಇಲ್ಲಿ ‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಹಾಕುವುದು ಹಿರಿಯರ ಪದ್ಧತಿ. ಹಾಕಲಾರೆ. ನಾನು ಕ್ಷೇಮವಿಲ್ಲ, ನಿನ್ನ ಕ್ಷೇಮ ಕೆಡಿಸಿದವನೂ ನಾನೇ. ಹೀಗಾಗಿ ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.

ಪ್ರತಿ ಭಾನುವಾರ ನನ್ನ ನಗೆಬರಹ ಅಚ್ಚಾಗುವ ಜಾಗದಲ್ಲೇ ಈ ಪತ್ರ ಅಚ್ಚಾಗಬೇಕೆಂದು ಸಂಪಾದಕರಿಗೆ ಕೈಮುಗಿದು ಕೇಳಿಕೊಂಡಿದ್ದೇನೆ. ‘ಜನಕ್ಕ ನಗು ಬೇಕ್ರಿ, ಕ್ಷಮಾಪಣೆ ಯಾರಿಗೆ ಬೇಕು?’ ಎಂದರು. ಬೈದದ್ದು ನಡುಬೀದಿಯಲ್ಲಿ, ತಪ್ಪೊಪ್ಪಿಗೆ ಹಿತ್ತಲಲ್ಲಿ ಆದರೆ ಹೇಗೆ ಎಂದೆ. ಒಪ್ಪಿದರು. ಓದುಗರು ಈ ವಾರ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳಲಿ, ಕೆಮ್ಮದಿದ್ದರೆ ಉಪಕಾರ.

ಅವರಿಗಾಗಿ ನಿನಗೆ ಗೊತ್ತಿರುವುದನ್ನೇ ನಾಲ್ಕು ಸಾಲು ಹೇಳಬೇಕು, ತಾಳಿಕೋ. ಇಸ್ಪೀಟು ಎಂದೊಡನೆ ಅವರಿಗೆ ಪೊಲೀಸರ ಜೀಪು ನೆನಪಾಗುತ್ತದೆ. ನಮ್ಮ ಬ್ರಿಜ್ ಆಟ ಅಂಥದ್ದಲ್ಲವಲ್ಲ. ಇದರಲ್ಲಿ ಕಾಸು ಹೋಗುವುದಿಲ್ಲ. ಸ್ನೇಹ, ಸಂಸಾರ, ಮರ್ಯಾದೆ ಇಷ್ಟೇ ಹೋಗುತ್ತವೆ. ನಾಲ್ವರು ಕೂರುತ್ತಾರೆ, ಎದುರುಬದುರು ಕೂತವರು ಜೊತೆಗಾರರು. ಆಡುವ ಮೊದಲೇ ಎಷ್ಟು ಸುತ್ತು ಗೆಲ್ಲುತ್ತೇವೆಂದು ಕೂಗಿ ಹೇಳಬೇಕು. ‘ಆರು’ ಎಂದರೆ ಹದಿಮೂರರಲ್ಲಿ ಹನ್ನೆರಡು. ‘ಏಳು’ ಎಂದರೆ ಹದಿಮೂರಕ್ಕೆ ಹದಿಮೂರೂ. ಅದಕ್ಕೇ ಗ್ರ್ಯಾಂಡ್ ಸ್ಲ್ಯಾಮ್ ಎಂಬ ಬಿರುದು. ಏಳು ಕೂಗಿ ಒಂದು ಸುತ್ತು ತಪ್ಪಿದರೂ ಸರ್ವನಾಶ. ಕೂಗದೆ ಹದಿಮೂರನ್ನೂ ಗೆದ್ದರೆ ಬಹುಮಾನವಿಲ್ಲ. ಜೊತೆಗಾರನ ಕೈಯಲ್ಲಿ ಏನಿದೆ ಎಂದು ಕೇಳಲು ಅಡ್ಡಿಯಿಲ್ಲ, ಆದರೆ ಕೂಗಿನ ಭಾಷೆಯಲ್ಲೇ ಕೇಳಬೇಕು, ಕೂಗಿನ ಭಾಷೆಯಲ್ಲೇ ಹೇಳಬೇಕು. ಹುಬ್ಬು, ಕೆಮ್ಮು, ನಿಟ್ಟುಸಿರು ನಿಷಿದ್ಧ. ಲಗ್ನವಾಗಿ ಬಹಳ ವರ್ಷ ಕಳೆದವರಿಗೆ ಇದು ಮನೆಯಲ್ಲೇ ರೂಢಿಯಾಗಿರುತ್ತದೆ.

ಆ ಭಾಷೆಗೊಂದು ವ್ಯಾಕರಣ ಬೇಕೆಂದು ನಾವಿಬ್ಬರೂ ‘ಅಮೀನಗಡ ಪದ್ಧತಿ’ ಕಟ್ಟಿದೆವು, ನೆನಪಿದೆಯೇ? ನಿನ್ನನ್ನು ಬಾಗಲಕೋಟೆಯ ಆಟ ಮುಗಿಸಿ ಇಳಕಲ್ಲಿಗೆ ಮುಟ್ಟಿಸಲು ಬಂದಿದ್ದೆ. ಬಸ್ಸು ಅಮೀನಗಡದಲ್ಲಿ ಕೆಟ್ಟು ನಿಂತಿತು. ಕರದಂಟಿನ ಅಂಗಡಿಯ ಕಟ್ಟೆಯ ಮೇಲೆ ಕೂತು, ಪೊಟ್ಟಣ ಬಿಚ್ಚಿ ತಿಂದು, ಜಿಡ್ಡು ಹತ್ತಿದ ಆ ಕಾಗದದ ಮೇಲೆಯೇ ನಮ್ಮ ಸಂವಿಧಾನ ಬರೆದೆವು. ನೋಟ್ರಂಪ್ ಎಂಬ ತುರುಪಿಲ್ಲದ ಕೂಗು ನಮಗೆ ಪ್ರಶ್ನೆಯ ಗುರುತು: ನಾಲ್ಕು ನೋಟ್ರಂಪ್ ಎಂದರೆ, ‘ನಿನ್ನ ಹತ್ತಿರ ಎಕ್ಕಾ ಎಷ್ಟು?’ ಐದು ನೋಟ್ರಂಪ್ ಎಂದರೆ, ‘ನಾಲ್ಕೂ ಎಕ್ಕಾ ನಮ್ಮವೇ. ಇಲ್ಲಿಯತನಕ ಹೇಳದ ಸಿರಿ ಇನ್ನೇನಾದರೂ ನಿನ್ನಲ್ಲಿದೆಯೇ? ಇಲ್ಲದಿದ್ದರೆ ಆರು ಅನ್ನು. ಇದ್ದರೆ ನನ್ನ ದಾರಿ ಕಾಯಬೇಡ, ನೀನೇ ಏಳು ಅಂದುಬಿಡು.’ ಈ ಕೊನೆಯ ಕಲಮು ಸೇರಿಸಿದ ಮಹಾಪುರುಷ ನಾನು. ‘ಧೈರ್ಯದ ಕಲಮು’ ಎಂದು ಹೆಸರನ್ನೂ ಇಟ್ಟೆ.

ಅಂದು ನೀನೊಂದು ಮಾತು ಹೇಳಿದ್ದೆ. ನಾನು ‘ಅಷ್ಟೆಲ್ಲಾ ಯಾಕೋ, ಏಳಿದ್ರ ಒಂದ್ಸಲ ಕನ್ನಡಕ ಸರಿಮಾಡ್ಕೋ ಅಂದ್ರ ಮುಗೀತಲ್ಲ’ ಎಂದು ಚೇಷ್ಟೆ ಮಾಡಿದಾಗ ನೀನು ನಗಲಿಲ್ಲ. ‘ಲೇ ಜಯಾ, ಸೋತ್ರ ಮುಂದಿನ ವಾರ ಮತ್ತ ಆಡಬಹುದು. ನೀ ಕಣ್ಣಾಗ ಎಲಿ ಹೇಳಿ, ನಾ ಕೇಳಿ ಗೆದ್ರ, ಆಮ್ಯಾಲ ನಿನ್ನ ಕಣ್ಣ ನಾ ಹ್ಯಾಂಗ ನೋಡ್ಲಿ?’ ಎಂದೆ. ನಾನು ಬಾಯಿತುಂಬ ಕರದಂಟು ತುಂಬಿಕೊಂಡಿದ್ದೆ. ಮಾತು ಕಿವಿಗೆ ಬಿತ್ತು, ಮುಂದೆ ಇಳಿಯಲಿಲ್ಲ.

ಇನ್ನು ಆ ಭಾನುವಾರ. ಬಾಗಲಕೋಟೆಯ ಕ್ಲಬ್ಬಿನ ಹಾಲು, ಫೈನಲ್ ಪಂದ್ಯ, ಎದುರಾಳಿ ಹುನಗುಂದದ ತಂಡ. ನಮ್ಮ ಮೇಜಿಗೆ ಅವರ ಕಡೆಯಿಂದ ಲೀಲಾಬಾಯಿ ಟೀಚರು, ಗಣಿತ ಕಲಿಸಿ ನಿವೃತ್ತರಾದವರು, ಕನ್ನಡಕದ ಮೇಲಿಂದ ನೋಡುವವರು. ನಮ್ಮಿಬ್ಬರಿಗೆ ಬಂದಂಥ ಎಲೆಗಳನ್ನೇ ಪಕ್ಕದ ಕೋಣೆಯಲ್ಲಿ ಅವರ ತಂಡದ ಇನ್ನಿಬ್ಬರು ಹಿಡಿದಿದ್ದರು. ಯಾರು ಚೆನ್ನಾಗಿ ಕೂಗುತ್ತಾರೋ ಬಹುಮಾನದ ಕಪ್ಪು ಅವರದು.

ನೀನು ಇಸ್ಪೀಟ್ ಬಣ್ಣದಿಂದ ಕೂಗು ಶುರುಮಾಡಿದೆ. ನನ್ನ ಕೈಯಲ್ಲಿ ಎರಡು ಎಕ್ಕಾ. ಅದಿರಲಿ, ಚೌಕಟ ಬಣ್ಣದ ಎಕ್ಕಾ, ರಾಜ, ರಾಣಿ ಮೂವರೂ ಹಿಂದೆ ಮೂರು ಚಿಲ್ಲರೆ ಬಂಟರನ್ನು ಕಟ್ಟಿಕೊಂಡು ಬೀಗರ ದಿಬ್ಬಣದಂತೆ ಬಂದು ಕೂತಿದ್ದರು. ನೀನು ಎಕ್ಕಾ ಕೇಳಿದೆ, ನಾನು ಎರಡು ಎಂದು ಹೇಳಿದೆ. ನೀನು ಐದು ನೋಟ್ರಂಪ್ ಎಂದೆ. ಬೇರೆ ಸಿರಿ ಇದೆಯೇ?

ಇತ್ತು. ಇಡೀ ದಿಬ್ಬಣವೇ ಇತ್ತು. ನನ್ನದೇ ಕಲಮಿನ ಪ್ರಕಾರ ನಾನು ತಕ್ಷಣ ಏಳು ಅನ್ನಬೇಕಿತ್ತು.

ನಾನು ವಿಚಾರ ಮಾಡತೊಡಗಿದೆ. ಮೇಲೆ ಫ್ಯಾನು ತಿರುಗಿತು. ಕ್ಲಬ್ಬಿನ ಕಾರ್ಯದರ್ಶಿ ಹೊಳಬಸಪ್ಪನವರು ಚಹಾ ಇಟ್ಟು ಹೋದರು, ಅದಕ್ಕೆ ಕೆನೆ ಕಟ್ಟಿತು. ಆ ಹೊತ್ತಿನಲ್ಲಿ ನೀನಾಗಿದ್ದರೆ ಒಬ್ಬ ಮನುಷ್ಯನ ದವಡೆ ಹಲ್ಲು ಕಿತ್ತು, ಹತ್ತಿ ಇಟ್ಟು, ‘ಬಿಸಿ ತಿನಬ್ಯಾಡ್ರಿ’ ಎಂದು ಕಳಿಸಿಬಿಡುತ್ತಿದ್ದೆ. ಏಳು ಅಂದು ಕೆಟ್ಟರೆ? ಊರನ್ನೆಲ್ಲ ನೋಡಿ ನಗುವವನು ನಾನು, ನನ್ನನ್ನೇ ನೋಡಿ ಊರು ನಕ್ಕರೆ? ಕೊನೆಗೆ ಬಾಯಿ ತೆರೆದೆ: ‘ಆರು.’

ನೀನು ನಿನ್ನ ಎಲೆಗಳನ್ನು ನೋಡಿದೆ. ಮತ್ತೊಮ್ಮೆ ನೋಡಿದೆ. ಬೇಕಿದ್ದರೆ ಏಳಕ್ಕೆ ಏರಿಸಬಹುದಿತ್ತು, ‘ಪಾಸ್’ ಎಂದು ಆರಕ್ಕೇ ನಿಂತೆ.

ಆಡುವವನು ನೀನು, ಡಮ್ಮಿ ನಾನು. ಡಮ್ಮಿಯಾದವನು ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು. ಬಿಚ್ಚಿಟ್ಟೆ. ದಿಬ್ಬಣ ಕಂಡು ಲೀಲಾಬಾಯಿಯವರ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಹದಿಮೂರೂ ಸುತ್ತು ನಮ್ಮವೇ ಆದವು. ಪಕ್ಕದ ಕೋಣೆಯವರು ಏಳು ಎಂದಿದ್ದರು. ಕಪ್ಪು ಹುನಗುಂದಕ್ಕೆ ಹೋಯಿತು.

ಆಗ ನಾನು ಎದ್ದು ನಿಂತೆ. ‘ಏಳು ಅನ್ನಲಿಕ್ಕೆ ಗಂಟಲದಾಗ ಏನ್ ಸಿಕ್ಕಿತ್ತೋ ನಿನಗ? ಮಂದಿ ಹಲ್ಲು ಕೀಳಲಿಕ್ಕೆ ಧೈರ್ಯ ಅದ, ಒಂದು ಅಂಕಿ ಅನ್ನಲಿಕ್ಕೆ ಇಲ್ಲೇನು?’ ಎಂದು ಇಡೀ ಹಾಲಿನ ಎದುರು ಕೇಳಿದೆ. ನೀನು ಎಲೆಗಳನ್ನು ಕೂಡಿಸಿ, ಅಂಚು ಸರಿಮಾಡಿ, ಡಬ್ಬಿಗೆ ಹಾಕಿದೆ. ‘ನಡೀತೇನಿ, ಬಸ್ಸಿಗೆ ಹೊತ್ತಾತು’ ಎಂದೆ. ಅಷ್ಟೇ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬರೀ ಮೂರ್ಖನಾಗಿ ಉಳಿಯುತ್ತಿದ್ದೆ. ಮುಂದಿನ ಭಾನುವಾರ ಇದೇ ಜಾಗದಲ್ಲಿ ‘ಆರು ಡಾಕ್ಟರ್’ ಬರೆದೆ. ಏಳು ಮೆಟ್ಟಿಲಿನ ಮಾಳಿಗೆಗೆ ಆರು ಮೆಟ್ಟಿಲು ಹತ್ತಿ ಅಲ್ಲೇ ಹಾಸಿಗೆ ಬಿಚ್ಚುವ ಡಾಕ್ಟರು, ವಾರದಲ್ಲಿ ಶನಿವಾರದಿಂದ ಹಾರಿ ಸೋಮವಾರಕ್ಕೆ ಬೀಳುವ ಡಾಕ್ಟರು. ಹೆಸರು ಹಾಕಿರಲಿಲ್ಲ; ಇಳಕಲ್ಲು, ಮಾಳಿಗೆ, ಹಲ್ಲು ಇಷ್ಟು ಹಾಕಿದ ಮೇಲೆ ಹೆಸರೇಕೆ? ಮೂರು ತಾಲೂಕು ನಕ್ಕಿತು. ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೋ ಹರಿದಾಡಿತು. ನೀನೂ ಅದರ ಕೆಳಗೆ ಒಂದು ಹೆಬ್ಬೆರಳು ಒತ್ತಿದ್ದೆ. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ, ನೋಡು ನನ್ನ ವಿದ್ವತ್ತು.

ಪ್ರತಿ ಗುರುವಾರ ನಿನ್ನಲ್ಲಿಗೆ ಆಡಲು ಬರುತ್ತಿದ್ದ ನನಗೆ ಮುಂದಿನ ಗುರುವಾರ ನೀನು ಬರಬೇಡ ಎಂದೆ, ಪೇಷಂಟ್ ಜಾಸ್ತಿ ಎಂದು. ಅದರ ಮುಂದಿನದೂ ಹಾಗೇ. ಅಷ್ಟರಲ್ಲಿ ನಿನ್ನ ಹೆಂಡತಿ ಆರಿಫಾ ನನ್ನ ಹೆಂಡತಿ ಪ್ರಾಚಿಗೆ ಫೋನು ಮಾಡಿದ್ದಳಂತೆ. ಗುಲಾಬಬಿ ಎಂಬ ಮುದುಕಿ ನಿನ್ನ ಕುರ್ಚಿಯಲ್ಲಿ ಕೂತು, ‘ಆರಽ ಕೀಳ್ರಿ ಡಾಕ್ಟರ್, ಏಳನೇದು ನಿಮಗ ನೀಗಂಗಿಲ್ಲಂತ’ ಎಂದಳಂತೆ. ಇಡೀ ದವಾಖಾನೆ ನಕ್ಕಿತಂತೆ. ಇದನ್ನು ಕೇಳಿ ನಾನೂ ನಗಬೇಕೆನ್ನುವಷ್ಟರಲ್ಲಿ ಪ್ರಾಚಿ ಆರಿಫಾಳ ಮುಂದಿನ ಮಾತು ಹೇಳಿದಳು: ‘ಮಂದಿ ನಕ್ಕರ ನಗಲಿ ಭಾಭಿ. ಇವ್ರು ಯಾಕ ನಗೂದು ಬಿಟ್ಟಾರ? ಗುರುವಾರ ಬಂತಂದ್ರ ಒಬ್ರ ಕುಂತು ನಾಕೂ ಕಡಿ ಎಲಿ ಹಂಚತಾರ. ಒಂದೂ ಎತ್ತಿ ನೋಡಂಗಿಲ್ಲ. ಮತ್ತ ಕೂಡಿಸಿ ಇಡತಾರ.’

ಅವತ್ತೇ ನನ್ನ ಎಡದವಡೆ ನೋಯತೊಡಗಿತು. ದೇವರಿಗೂ ನಗೆಬರಹದ ಚಾಳಿ ಇದೆಯೆಂದು ಕಾಣುತ್ತದೆ. ನಿನ್ನ ಹತ್ತಿರ ಬರಲು ಮುಖವಿಲ್ಲ; ನವನಗರದಲ್ಲಿ ಬೇರೊಬ್ಬ ಡಾಕ್ಟರನ್ನು ಹುಡುಕಿ, ಕೈವಸ್ತ್ರದಲ್ಲಿ ಗಲ್ಲ ಮುಚ್ಚಿಕೊಂಡು, ಕಳ್ಳನಂತೆ ಹೋಗಿ ಕೂತೆ. ಪಕ್ಕದ ಬೆಂಚಿನಲ್ಲಿ ಲೀಲಾಬಾಯಿ ಟೀಚರು.

‘ಯಾಕ್ರೀ ಜಯತೀರ್ಥ ಅವ್ರ, ಮನಿ ಡಾಕ್ಟರನ್ನ ಬಿಟ್ಟು ಇಲ್ಲಿ?’ ಎಂದರು. ನಾನು ಗಲ್ಲ ತೋರಿಸಿ ಊಂ ಎಂದೆ. ‘ಮಾತಾಡಲಿಕ್ಕೆ ಬರೂದಿಲ್ಲೇನು? ಛಲೋ ಆತು. ಹಂಗಾದ್ರ ನಾನು ಮಾತಾಡ್ತೀನಿ, ನೀವು ಕೇಳ್ರಿ. ಆ ದಿನಾ ಆರು ಅನ್ನೋಕ್ಕಿಂತ ಮೊದ್ಲ ನೀವು ಎಷ್ಟೊತ್ತು ಕೂತಿದ್ರಿ, ಖಬರ್ ಅದ ಏನು? ಕೈಯಾಗ ಏನೂ ಇಲ್ಲದವ್ರು ಆರು ಅನ್ನಲಿಕ್ಕೆ ಅಷ್ಟೊತ್ತು ಕೂಡ್ತಾರೇನ್ರಿ? ಏಳು ಅನ್ಲೋ ಬ್ಯಾಡೋ ಅಂತ ಒದ್ದಾಡೋರು ಕೂಡ್ತಾರ. ಅದು ನನಗ ತಿಳೀತು. ಫಾರೂಕ ಅವ್ರಿಗೂ ತಿಳೀತು. ಅವ್ರೇನರ ಏಳು ಅಂದಿದ್ರ, ತಡಾನೂ ಒಂದು ಸನ್ನಿನ ಅಂತ ಪಂಚರನ್ನ ಕರೀಲಿಕ್ಕೆ ನಾ ಆಗಿಂದಾಗ ಕೈ ಎತ್ತಾಕಿ ಇದ್ದೆ. ಅವ್ರು ನನ್ನ ಕೈ ಏಳೂತನಕ ಕಾಯಲಿಲ್ಲ. ತಿಳಿದದ್ದನ್ನ ತಿಳಿಯದವ್ರಂಗ ನುಂಗಿ ಪಾಸ್ ಅಂದ್ರು. ನಾಳೆ ಕಪ್ಪು ತುಕ್ಕು ಹಿಡೀತದ್ರಿ, ಆ ಪಾಸ್ ಹಿಡಿಯೂದಿಲ್ಲ. ಆಮ್ಯಾಲ ನೀವು ಬರದದ್ದನ್ನ ಓದಿದೆ. ನನಗ ನಗಿ ಬರಲಿಲ್ಲ.’

ಒಳಗಿಂದ ನನ್ನ ಹೆಸರು ಕರೆದರು. ನಾನು ಎದ್ದು ಹೊರಗೆ ನಡೆದೆ.

ಫಾರೂಕಾ, ದಾರಿಯುದ್ದಕ್ಕೂ ಇನ್ನೂ ಕೆಟ್ಟದ್ದೊಂದು ಹೊಳೆಯಿತು. ಲೀಲಾಬಾಯಿಯವರು ದಾಕ್ಷಿಣ್ಯಕ್ಕೆ ಅದನ್ನು ಹೇಳಿರಲಿಕ್ಕಿಲ್ಲ. ನಾನು ಬಾಯಿಂದ ಆರು ಎಂದೆ, ತಡದಿಂದ ಏಳು ಎಂದೆ. ನೀನು ಆ ತಡವನ್ನು ಕೇಳಿಸಿಕೊಂಡು ಏಳು ಅನ್ನಲಿ, ಗೆದ್ದರೆ ಇಬ್ಬರದು, ಕೆಟ್ಟರೆ ನಿನ್ನದು ಎಂದು ನನ್ನೊಳಗೆ ಎಲ್ಲೋ ಒಬ್ಬ ಅಂಗಡಿ ಹಾಕಿಕೊಂಡು ಕೂತಿದ್ದ. ನೀನು ಅವನ ಜೊತೆ ವ್ಯಾಪಾರ ಮಾಡಲಿಲ್ಲ. ಅದಕ್ಕೇ ಅವನಿಗೆ ಅಷ್ಟು ಸಿಟ್ಟು ಬಂದದ್ದು. ನಿನ್ನನ್ನು ಹೇಡಿ ಎಂದು ಕರೆದವನು ಅವನೇ. ಅವನ ಕೈಯಲ್ಲಿ ಪೆನ್ನು ಕೊಟ್ಟವನು ನಾನು.

ಮತ್ತೆ ನೀನು, ಒಂದು ಮಾತು ಹೇಳಿಬಿಡಬಹುದಿತ್ತಲ್ಲ? ‘ಜಯಾ ತಡಾ ಮಾಡಿದ, ಅದಕ್ಕ ನಾ ಅನ್ನಂಗಿರಲಿಲ್ಲ’ ಎಂದರೆ ಇಡೀ ಹಾಲು ನನ್ನ ಕಡೆ ತಿರುಗುತ್ತಿತ್ತು. ಅದಕ್ಕೇ ಹೇಳಲಿಲ್ಲ ನೀನು. ನನ್ನ ಮರ್ಯಾದೆಯನ್ನು ನೀನು ಕಾದೆ, ನಿನ್ನದನ್ನು ನಾನು ಭಾನುವಾರದ ಪುರವಣಿಯಲ್ಲಿ ಹಂಚಿದೆ. ಈಗ ಕನ್ನಡಿಯಲ್ಲಿ ಗಡ್ಡ ಮಾಡಿಕೊಳ್ಳುವಾಗಲೂ ಊದಿದ ಕೆನ್ನೆಯನ್ನಷ್ಟೇ ನೋಡಿಕೊಳ್ಳುತ್ತೇನೆ, ಕಣ್ಣಿನವರೆಗೆ ಹೋಗುವುದಿಲ್ಲ.

ನಿನ್ನೆ ಹೊಳಬಸಪ್ಪನವರು ಫೋನು ಮಾಡಿದ್ದರು. ‘ಡಾಕ್ಟರ್ ತಮ್ಮ ಹೆಸರು ತಗೀರಿ ಅಂದಾರ್ರಿ. ಬರೋ ಪಂದ್ಯಕ್ಕ ನಿಮಗ ಬ್ಯಾರೆ ಜೋಡಿ ಹುಡುಕ್ಲೇನು?’ ಎಂದರು. ಬೇರೆ ಜೋಡಿಗೆ ಅಮೀನಗಡ ಪದ್ಧತಿ ಬರುವುದಿಲ್ಲ ಎಂದೆ. ‘ಕಲಸ್ರಿ’ ಎಂದರು. ಪದ್ಧತಿ ಕಲಿಸಬಹುದು ಫಾರೂಕಾ. ಕೇಳಿಸಿದ್ದನ್ನು ಕೇಳಿಸದಂತೆ ನುಂಗುವುದನ್ನು ಯಾರಿಗೆ ಹೇಗೆ ಕಲಿಸಲಿ? ನನಗೇ ಬರುವುದಿಲ್ಲ. ನಾವಿಬ್ಬರು, ಇಲ್ಲದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ ಎಂದು ಹೇಳಿ ಇಟ್ಟೆ.

‘ಆರು ಡಾಕ್ಟರ್’ ಎಂಬ ಹೆಸರನ್ನು ವಾಪಸು ಪಡೆಯುವ ವಿದ್ಯೆ ನನ್ನಲ್ಲಿಲ್ಲ. ಇಟ್ಟ ಅಡ್ಡಹೆಸರು ನಮ್ಮ ಕಡೆ ಮೊಮ್ಮಕ್ಕಳ ಲಗ್ನಪತ್ರಿಕೆಯ ತನಕ ಹೋಗುತ್ತದೆ. ಆದರೆ ಇನ್ನುಮುಂದೆ ಯಾರಾದರೂ ಹಾಗೆಂದರೆ, ನೀನು ಯಾಕೆ ಆರಕ್ಕೆ ನಿಂತೆ ಎಂಬುದೂ ಅವರಿಗೆ ತಿಳಿದಿರಲಿ ಎಂದು ಇಷ್ಟು ಬರೆದೆ. ನಿನ್ನನ್ನು ಹೊಗಳಿದರೆ ನಿನಗೆ ಮುಜುಗರ ಎಂದೂ ಗೊತ್ತು. ಅದಕ್ಕೂ ಕ್ಷಮೆ ಇರಲಿ, ಒಟ್ಟಿಗೇ ಲೆಕ್ಕ ಹಚ್ಚು.

ಬರುವ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹಲ್ಲು ಇನ್ನೂ ಬಾಯಲ್ಲೇ ಇದೆ. ಅದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಕೀಳುವಾಗ ಮದ್ದಿನ ಸೂಜಿ ಸ್ವಲ್ಪ ಕಡಿಮೆ ಹಾಕಿದರೂ ನಾನು ಕೇಳುವುದಿಲ್ಲ. ಆಮೇಲೆ ಎಲೆ ಹಂಚು, ಒಬ್ಬನೇ ನಾಲ್ಕು ಕಡೆ ಹಂಚಬೇಡ. ಒಂದು ಕಡೆಯದನ್ನು ನಾನು ಎತ್ತಿ ನೋಡುತ್ತೇನೆ.

ಆ ಭಾನುವಾರ ನೀನು ಐದು ನೋಟ್ರಂಪ್ ಎಂದು ಕೇಳಿದ್ದ ಪ್ರಶ್ನೆಗೆ ಈಗ ಉತ್ತರಿಸುತ್ತಿದ್ದೇನೆ, ಕೆಮ್ಮದೆ, ಕನ್ನಡಕ ಮುಟ್ಟದೆ: ಏಳು.

ಇದಕ್ಕೆ ನೀನು ಏನೂ ಬರೆಯಬೇಕಿಲ್ಲ, ಫೋನೂ ಬೇಡ, ಹೆಬ್ಬೆರಳೂ ಬೇಡ. ನಮ್ಮ ಆಟದ ಧರ್ಮ ನಿನಗೆ ಗೊತ್ತು. ಜೊತೆಗಾರ ಏಳು ಎಂದ ಮೇಲೆ ಎದುರಿನವನು ಪಾಸ್ ಎಂದರೆ, ಒಪ್ಪಿದೆ ಎಂದೇ ಅರ್ಥ.

ನಿನ್ನ ಕೈ ನಡುಗದಿರಲಿ, ಆರಿಫಾ ನಿನ್ನ ನಗು ಕೇಳಲಿ, ನಿನಗೆ ಸದಾ ಒಳ್ಳೆಯ ಎಲೆ ಬರಲಿ, ನನಗಿಂತ ಒಳ್ಳೆಯ ಜೊತೆಗಾರ ಸಿಗದಿರಲಿ. ಈ ಕೊನೆಯದು ಹಾರೈಕೆಯಲ್ಲ, ಸ್ವಾರ್ಥ, ಮನ್ನಿಸು. ಮೇಲೆ ಖಾಲಿ ಬಿಟ್ಟ ಕ್ಷೇಮದ ಸಾಲನ್ನು ಗುರುವಾರ ನಿನ್ನೆದುರೇ ಕೂತು ತುಂಬುತ್ತೇನೆ.

ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು, ಬಾಯಿ ಮುಚ್ಚಿ ಕೂತಿರುವ

ನಿನ್ನ ಡಮ್ಮಿ,
ಜಯತೀರ್ಥ