ಅಮ್ಮನ ತಂತಿಗೆ ಇಳಿದ ಸೂರ್ಯ

ನವೆಂಬರ್ ೧೨, ಬುಧವಾರ

ಸಂಜೆ ಸೂರ್ಯನನ್ನು ಗಮನಿಸುವ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಗಲಾಟೆ. ಮೊನ್ನೆ ಸೂರ್ಯ ಉಗುಳಿದ ಪ್ಲಾಸ್ಮಾ ಮೋಡ, ಅಂದರೆ ವಿದ್ಯುತ್ ಕಣಗಳ ಮೋಡ, ಭೂಮಿಗೆ ಬಂದೇಬಿಟ್ಟಿತ್ತು! ಅಮ್ಮ ಸಬ್‌ಸ್ಟೇಷನ್ನಿನಲ್ಲಿ ಡ್ಯೂಟಿಯಲ್ಲಿದ್ದಳು. ತಂತಿಗಳಲ್ಲಿ ಬೇಡದ ಕರೆಂಟು ಹರಿದು ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು ಎಂದು ಫೋನ್ ಮಾಡಿ ಹೇಳಿದೆ.

"ಸೂರ್ಯ ನಿಂಗೇ ಮೆಸೇಜ್ ಹಾಕಿದ್ನೇನೇ? ಹೋಗಿ ಓದ್ಕೋ," ಎಂದು ನಕ್ಕು ಇಟ್ಟುಬಿಟ್ಟಳು.

ಸ್ವಲ್ಪ ಹೊತ್ತಿಗೆ ಅವಳೇ ಮಾಡಿದಳು. "ಲೋಡ್ ಏನೂ ಏರಿಲ್ಲ ಕಣೆ. ಆದ್ರೂ ಇದ್ಯಾಕೆ ಹಿಂಗೆ ಗುರ್ ಅಂತಿದೆ? ಕೇಳು."

ಫೋನನ್ನು ಟ್ರಾನ್ಸ್‌ಫಾರ್ಮರಿನ ಕಡೆ ಹಿಡಿದಳು. ನನ್ನ ಲ್ಯಾಪ್‌ಟಾಪ್ ಪರದೆಯಲ್ಲಿ ಭೂಮಿಯ ಕಾಂತಕ್ಷೇತ್ರದ ಗೆರೆ ಜಿಗಿದಾಗಲೆಲ್ಲ ಅಲ್ಲಿ ಸದ್ದು ಏರುತ್ತಿತ್ತು. ಅಯ್ಯೋ, ಇದು ನಿಜ! ಆಕಾಶದಲ್ಲಿ ಎಲೆಕ್ಟ್ರಾನುಗಳ ಹೊಳೆ ಹೊರಳಿದರೆ ಇಲ್ಲಿ ಅಮ್ಮನ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ನರಳುತ್ತದೆ. ಇಷ್ಟು ದಿನ ಬರೀ ಗೆರೆ ನೋಡಿ ಕುಣಿದಿದ್ದೆ. ಇವತ್ತು ಮೈಯೆಲ್ಲ ಜುಮ್ಮೆಂದಿತು.

"ಇನ್ನೂ ಜೋರಾಗುತ್ತಾ? ಬೇಗ ಹೇಳು."

"ಆಗುತ್ತಮ್ಮ. ಸೂರ್ಯನ ಕಡೆ ದೂರದಲ್ಲಿರೋ ಉಪಗ್ರಹ ಈಗ ತಾನೇ ನೋಡಿದ್ದು ಇದಕ್ಕಿಂತ ದೊಡ್ಡದು. ಅದಿನ್ನೂ ದಾರೀಲಿದೆ. ಅರ್ಧ ಗಂಟೆ ಇರಬಹುದು."

ಅಮ್ಮ ತಕ್ಷಣ ಕಂಟ್ರೋಲ್ ರೂಮಿಗೆ ಹೇಳಿ ಆ ಟ್ರಾನ್ಸ್‌ಫಾರ್ಮರಿನ ಲೋಡನ್ನು ಬೇರೆ ಕಡೆ ಹಾಕಿಸಿದಳು. ಆಮೇಲೆ ಬಂತಲ್ಲ ಆ ದೊಡ್ಡದು! ಸದ್ದಿಗೆ ಕಿಟಕಿ ಗಾಜು ನಡುಗಿತಂತೆ. ಟ್ರಾನ್ಸ್‌ಫಾರ್ಮರ್ ಮಾತ್ರ ಉಳಿಯಿತು.

ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನನ್ನು ಟೆರೇಸಿಗೆ ಎಳೆದುಕೊಂಡು ಹೋದಳು.

"ಎಲ್ಲಿದೆ ಅದು? ತೋರ್ಸು."

ಮೇಲಕ್ಕೆ ಕೈ ತೋರಿಸಿದೆ. ಬರೀ ಮಳೆಮೋಡ. ಏನೂ ಕಾಣಲಿಲ್ಲ. ಆದರೂ ಕೆಳಗಿಳಿಯಲು ಇಬ್ಬರಿಗೂ ಮನಸ್ಸೇ ಬರಲಿಲ್ಲ.