ಹದಿನೆಂಟು ಗ್ರಂಥಿಗಳ ಸಮಾಚಾರ

ಸೋಮವಾರ, ಜುಲೈ ೧೪

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ಅಮ್ಮ ಹೋದ ಮೇಲೆ ಎರಡು ವರ್ಷ ನಿನಗೆ ಒಂದು ಸಾಲೂ ಬರೆಯಲಿಲ್ಲ. ‘ತಡವಾಯಿತು’ ಎಂದರೆ ನೀನೇ ನಗುತ್ತೀಯ. ನೀನು ಮಾತು ಬಿಟ್ಟದ್ದು ಸರಿಯೇ. ಆದರೂ ಮತ್ತೆ ಮಾತಾಡುತ್ತೀಯ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಗಾಬರಿಯಾಗಬೇಡ, ಗುಂಡುಕಲ್ಲಿನ ಹಾಗಿದ್ದೇನೆ. ಮೂವತ್ತೈದು ವರ್ಷ ಊರವರ ನಲ್ಲಿ ರಿಪೇರಿ ಮಾಡಿದವನಿಗೆ ಕೊನೆಗೆ ತನ್ನದೇ ಕೊಳಾಯಿ ಕೈಕೊಟ್ಟಿತು. ಪ್ರಾಸ್ಟೇಟ್ ಕ್ಯಾನ್ಸರ್. ಆಪರೇಷನ್ ಆಗಿ ಎರಡು ತಿಂಗಳಾಯಿತು.

ಪ್ರಾಸ್ಟೇಟ್ ಜೊತೆ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕಾಗಬಹುದು ಎಂದು ಡಾಕ್ಟರಮ್ಮ ಮೊದಲೇ ಕೂರಿಸಿಕೊಂಡು ಹೇಳಿದ್ದರು. ಕಾಳಿನಷ್ಟು ಗಾತ್ರ, ಮೈಯ ನೀರನ್ನು ಸೋಸುವ ಜಾಲರಿಗಳಂತೆ. ನಾನು ಸುಮ್ಮನಿರುತ್ತೇನೆಯೇ? “ಗೋಡೆ ಹೇಗೂ ಒಡೀತೀರಲ್ಲ ಡಾಕ್ಟ್ರೇ, ಹಳೇದೆಲ್ಲ ಕಿತ್ತು ಹಾಕಿಬಿಡಿ. ನಾವೂ ಹಾಗೇ ಮಾಡೋದು” ಎಂದೆ.

“ನಿಮಗೆ ಹೊಸ ಪೈಪ್ ಸಿಗುತ್ತೆ, ನನಗೆ ಸಿಗಲ್ಲ” ಎಂದು ನಕ್ಕರು. “ಕಾಯಿಲೆ ಅಲ್ಲಿವರೆಗೂ ಹೋಗಿದೆಯಾ ಅಂತ ತಿಳಿಯೋಕೆ ಇದನ್ನ ತೆಗೆಯೋದು. ತೆಗೆದ್ರೆ ವಾಸಿ ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಕಾಲು ಊದಿಕೊಳ್ಳಲೂಬಹುದು. ಯೋಚನೆ ಮಾಡಿ.”

“ಮೊದಲು ಇವರ ಬಾಯಿಗೆ ಎರಡು ಹೊಲಿಗೆ ಹಾಕಿ” ಎಂದಳು ನನ್ನವಳು.

ತೆಗೆಸಿದೆ. ಒಟ್ಟು ಹದಿನೆಂಟು. ವರದಿಗೆ ಹತ್ತು ದಿನ ಕಾಯಬೇಕಾಯಿತು. ಕುಳಿತಲ್ಲೇ ಹಳೆಯ ನಲ್ಲಿಗಳನ್ನು ಬಿಚ್ಚಿ ಜೋಡಿಸುತ್ತ ಅವಳ ತಲೆ ತಿಂದೆ. ಹದಿನೆಂಟರಲ್ಲಿ ಒಂದರಲ್ಲೂ ಕಾಯಿಲೆ ಇರಲಿಲ್ಲ ಅಕ್ಕಾ! ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟಳು. ನಾನು ಗಟ್ಟಿಗ, ಮನೆಗೆ ಬಂದು ಬಚ್ಚಲಲ್ಲಿ ಅತ್ತೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನನ್ನ ತಲೆಯ ಮೇಲೂ ನಿನ್ನ ಆಶೀರ್ವಾದವಿರಲಿ.

ಇಂತಿ,
ನಿನ್ನ ಬಾಯಿಬಡುಕ ತಮ್ಮ

ತಾ.ಕ.: ಒಂದು ಮಾತು ಹೇಳಲಿಲ್ಲ. ಎಡಗಾಲು ಊದಿಕೊಂಡಿದೆ. ಚಪ್ಪಲಿಗೆ ತೂರುವುದಿಲ್ಲ, ಸಂಜೆಯಾದರೆ ಎತ್ತಿಡಲಾರದಷ್ಟು ಭಾರ. ಎದೆಯ ಆಪರೇಷನ್ನಿನಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆದ ಮೇಲೆ ನಿನ್ನ ಕೈಯೂ ಹೀಗೇ ಊದಿತ್ತಲ್ಲ. ಅಮ್ಮ ಹಾಸಿಗೆ ಹಿಡಿದಾಗ “ಅಮ್ಮನ್ನ ಎತ್ತಿ ಕೂರಿಸೋಕೆ ನನ್ನ ಕೈಲಿ ಆಗಲ್ಲ ಕಣೋ” ಎಂದಿದ್ದೆ ನೀನು. ನಾನು ನೆಂಟರೆಲ್ಲರ ಎದುರು “ನಾಟಕ ಸಾಕು” ಎಂದೆ. ನೆನೆದರೆ ನಾಚಿಕೆಯಾಗುತ್ತದೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕೇಳದೇ ಹೋದೆ. ಕೈ ಈಗ ಹೇಗಿದೆ, ಅಕ್ಕಾ?