ಬಂಕಿನ ತಿರುವಿನಲ್ಲಿ ನಿಂತ ಹರಕೆ

ಸಾನ್ ಲಿಬ್ರಾಡೋ, ನ್ಯೂ ಮೆಕ್ಸಿಕೊ
ಏಪ್ರಿಲ್ 24, ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳೇ, ಒಟೀಲಿಯಾ,

ತಲೆನೋವು ಈಗ ಹೇಗಿದೆ? ಹೊಲಿಗೆ ಹಾಕಿದ ಕಡೆ ಕೂದಲು ಬಂದಿತೇ? ಮತ್ತೆ ಲಾರಿ ಓಡಿಸುತ್ತಿದ್ದೀಯೆಂದು ಕೇಳಿದ ದಿನ ನಾನು ಹಾಕಿದ ಕೇಕೆಗೆ ಪಕ್ಕದ ಮನೆಯ ಕೋಳಿಗಳು ಬೇಲಿ ಹಾರಿದವು. ನಿಧಾನವಾಗಿ ಓಡಿಸು, ತಾಯಿ. ಹಿಮ ಬಿದ್ದ ರಸ್ತೆಗೆ ಕರುಣೆಯಿಲ್ಲ. ಫೋನು ಬಿಟ್ಟು ಕಾಗದವೇಕೆಂದು ಕೇಳುತ್ತೀಯಾ? ಫೋನಿರುವುದು ನಿನ್ನ ಅಮ್ಮ ಮಲಗಿರುವ ಕೋಣೆಯಲ್ಲಿ. ನಲವತ್ತು ಕ್ರಿಸ್ಮಸ್‌ಗಳಲ್ಲಿ ಚರ್ಚಿನ ನಾಟಕದ ಸೈತಾನನಾಗಿ ಅಬ್ಬರಿಸಿದ ಗಂಟಲು ನನ್ನದು. ಪಿಸುಗುಟ್ಟಿದರೂ ಕೊನೆಯ ಸಾಲಿನವರಿಗೆ ಕೇಳಿಸುತ್ತದೆ. ಕಾಯಿಲೆ ಉಲ್ಬಣಿಸಿದ್ದನ್ನು ನಿನಗೆ ತಿಳಿಸಕೂಡದೆಂದು ಅವಳ ಕಟ್ಟಪ್ಪಣೆ. ಸಿಪ್ರಿಯಾನೋ ಮೆಣಸಿನಕಾಯಿ ಮೂಟೆ ಹೇರಿಕೊಂಡು ಇವತ್ತೇ ಡೆನ್ವರಿಗೆ ಹೊರಟಿದ್ದಾನೆ. ಈ ಕಾಗದ ನಿನ್ನ ಕೈಗೇ ಕೊಡುತ್ತಾನೆ.

ಅಮ್ಮನ ಸಕ್ಕರೆ ಕಾಯಿಲೆ ನಮ್ಮ ಮನೆಯಲ್ಲಿ ನಾಲ್ಕನೆಯ ಮನುಷ್ಯನಂತೆ ಬೆಳೆದದ್ದು ನಿನಗೆ ಗೊತ್ತಿದೆ. ಎದ್ದ ಕೂಡಲೇ ಬೆರಳಿಗೆ ಚುಚ್ಚಬೇಕು, ಹೊಟ್ಟೆಗೆ ಸೂಜಿ ಹಾಕಬೇಕು, ಆಮೇಲೇ ಕಾಫಿ. ರೊಟ್ಟಿ ಒಂದೇ, ಹುರುಳಿ ಅರ್ಧ ಬಟ್ಟಲು. ಏಪ್ರಿಕಾಟ್ ಕಡುಬನ್ನು ಊರಿಗೆಲ್ಲ ಮಾಡಿ ಹಂಚಿ, ತಾನು ಬೆರಳು ಮಾತ್ರ ಮೂಸಿ ನೋಡುತ್ತಾಳೆ. ಎರಡು ವರ್ಷದಿಂದ ಪಾದಗಳಿಗೆ ಸ್ಪರ್ಶವೇ ಇಲ್ಲ. ದಿನಾ ಸಂಜೆ ನಾನು ಮಂಡಿಯೂರಿ, ಕನ್ನಡಿ ಹಿಡಿದು, ಅಂಗಾಲಿನ ಗೆರೆಗೆರೆಯನ್ನೂ ನೋಡುತ್ತೇನೆ. “ಏ ಮುದುಕಾ, ಮದುವೆಗೆ ಮುಂಚೆ ಒಂದ್ಸಲಾನೂ ಹಿಂಗೆ ಕಾಲಿಗೆ ಬಿದ್ದಿರ್ಲಿಲ್ಲ ನೀನು!” ಎಂದು ನಗುತ್ತಿದ್ದಳು. ಬರಿಗಾಲಲ್ಲಿ ಬಚ್ಚಲಿಗೂ ಹೋಗಬಾರದೆಂದು ನರ್ಸ್ ಬೆನೀತಾ ಬೈದು ಬೈದು ಸೋತಿದ್ದಳು. ಅಂಥವಳು ಏನು ಮಾಡಿದಳು ಕೇಳು!

ಚಳಿಗಾಲದಲ್ಲಿ ನಿನ್ನ ಲಾರಿ ಉರುಳಿ, ನೀನು ಕಣ್ಣು ತೆರೆಯದೆ ಮಲಗಿದ್ದಾಗ, ಅಮ್ಮ ಯಾರಿಗೂ ಹೇಳದೆ ಹರಕೆ ಹೊತ್ತಿದ್ದಳು. ಮಗಳು ಎದ್ದರೆ ಶುಭ ಶುಕ್ರವಾರದಂದು ಚಿಮಾಯೊ ಗುಡಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು. ನೀನು ಎದ್ದೆ. ಶುಕ್ರವಾರ ಬಂತು. ಪ್ರತಿ ವರ್ಷ ಗುಡಿಗೆ ನಡೆದು ಹೋಗುವ ಊರಿನವರ ಜೊತೆ ಅವಳೂ ಹೊರಟಳು. ನಾನು ನೀರಿನ ಡಬ್ಬ ಹೇರಿಕೊಂಡು ಟ್ರಕ್ಕಿನಲ್ಲಿ ಹಿಂದಿನಿಂದ ನಿಧಾನವಾಗಿ ಬರುತ್ತಿದ್ದೆ. ಊರು ದಾಟುವವರೆಗೂ ಅವಳ ಕಾಲಲ್ಲಿ ಬೂಟು ಇತ್ತು. ಆಮೇಲೆ ಗುಂಪಿನಲ್ಲಿ ಮರೆಯಾದಳು. ಡಾಂಬರಿನ ಮೇಲೆ ಒಂದು ಕೆಂಪು ಹೆಜ್ಜೆ ಕಂಡೆ, ಒಟೀಲಿಯಾ. ಮುಂದೆ ಇನ್ನೊಂದು. ಪಾಪ, ಯಾವಳೋ ಹೆಂಗಸು ಎಂದುಕೊಂಡೆ. ಜನ ಆ ಹೆಜ್ಜೆಗಳ ಪಕ್ಕದಲ್ಲಿ ಶಿಲುಬೆಯ ಗುರುತು ಹಾಕಿಕೊಂಡು, “ಅಬ್ಬಾ, ಎಂಥಾ ಭಕ್ತಿ ನೋಡ್ರೀ! ಒಂದ್ಸಲಾನಾದ್ರೂ ನರಳಿದ್ಳಾ?” ಎನ್ನುತ್ತಿದ್ದರು. ಭಕ್ತಿಯಲ್ಲ, ಮಗಳೇ, ಭಕ್ತಿಯಲ್ಲ! ಬಾಟಲಿಯ ಚೂರು ಅಂಗಾಲಿನೊಳಗೆ ಪೂರ್ತಿ ಹೊಕ್ಕಿತ್ತು, ಅವಳಿಗೆ ಅದರ ಅರಿವೇ ಇರಲಿಲ್ಲ. ಹಳೆಯ ಪೆಟ್ರೋಲ್ ಬಂಕಿನ ತಿರುವಿನಲ್ಲಿ ಹಿಡಿದು ನಿಲ್ಲಿಸಿದಾಗ ತಿರುಗಿ ನೋಡಿ, “ಯಾರ್ದು ರಕ್ತ ಇದು?” ಎಂದು ನನ್ನನ್ನೇ ಕೇಳಿದಳು. ಎತ್ತಿ ಟ್ರಕ್ಕಿನಲ್ಲಿ ಕೂರಿಸಿದೆ. ದಾರಿಯುದ್ದಕ್ಕೂ ನನ್ನ ತೋಳಿಗೆ ಗುದ್ದಿದಳು.

ಈಗ ಹೆಬ್ಬೆರಳು ಕಪ್ಪಾಗಿದೆ. ಕಪ್ಪು ಹಿಮ್ಮಡಿಯ ಕಡೆಗೆ ಹೊರಟಿದೆ. ಆಸ್ಪತ್ರೆಯಲ್ಲಿ ಇರುವುದಿಲ್ಲವೆಂದು ಹಟ ಮಾಡಿ ಮನೆಗೆ ಬಂದಳು. ಬೆನೀತಾ ದಿನಾ ಬಂದು ಪಟ್ಟಿ ಬದಲಿಸಿ, ಇಂಜೆಕ್ಷನ್ ಕೊಟ್ಟು, ನನ್ನ ಮುಖ ನೋಡದೆ ಹೋಗುತ್ತಾಳೆ. ಅವಳು ಹೋದ ಮೇಲೆ ಅಡುಗೆಮನೆಯ ನೊಣಗಳ ಸದ್ದು ಕೂಡ ನನಗೆ ದೊಡ್ಡದಾಗಿ ಕೇಳಿಸುತ್ತದೆ. ಅಮ್ಮ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿ, ಎದ್ದಾಗ ಒಂದೇ ಮಾತು ಕೇಳುತ್ತಾಳೆ: “ನನ್ ಮಗಳು ಇವತ್ತು ಯಾವ ರಸ್ತೇಲಿದಾಳೆ?”

ಸಿಪ್ರಿಯಾನೋ ಹಾರ್ನ್ ಹೊಡೆಯುತ್ತಿದ್ದಾನೆ. ಅವನ ಹೆಂಡತಿ, ದೀಕ್ಷಾಸ್ನಾನದಲ್ಲಿ ನಿನ್ನನ್ನು ಎತ್ತಿಕೊಂಡಿದ್ದ ಜ್ಞಾನಮಾತೆ ಎಲೋಯ್ಸಾ, ನಿನ್ನ ಹಣೆಗೊಂದು ಮುತ್ತು ಕಳಿಸಿದ್ದಾಳೆ. ದೇವಮಾತೆ ನಿನ್ನ ಚಕ್ರಗಳ ಮುಂದೆ ಮುಂದೆ ನಡೆಯಲಿ.

ನಿನ್ನ ಅಪ್ಪ,
ಫಿಡೆನ್ಸಿಯೋ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಸೋಮವಾರ ಮಂಡಿಯ ಕೆಳಗೆ ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಒಪ್ಪುತ್ತಿಲ್ಲ. “ಹರಕೆ ಅರ್ಧಕ್ಕೆ ನಿಂತಿದೆ. ಈ ಕಾಲು ಹೋದ್ರೆ ಅದನ್ನ ತೀರಿಸೋರ್ಯಾರು? ದೇವರು ನನ್ ಮಗಳನ್ನ ವಾಪಸ್ ಕೇಳ್ತಾನೆ” ಎನ್ನುತ್ತಾಳೆ. ಪಾದ್ರಿಯವರು ಬಂದು ಹೇಳಿದರು: ಯಾರಿಗಾಗಿ ಹರಕೆ ಹೊತ್ತದ್ದೋ ಅವರೇ ಉಳಿದ ದಾರಿ ನಡೆದರೆ ಅದು ತೀರಿದಂತೆಯೇ. ಅದಕ್ಕೆ ಮಾತ್ರ ಒಪ್ಪಿ ತಲೆಯಾಡಿಸಿದಳು. ಶನಿವಾರ ಬಾ. ಬಂಕಿನ ತಿರುವಿನಿಂದ ಗುಡಿಯವರೆಗೆ ನಡೆ. ನಾನು ಪಕ್ಕದಲ್ಲೇ ಇರುತ್ತೇನೆ. ಬರಿಗಾಲಲ್ಲಿ ನಡೆಯಬೇಕೆಂದು ಅಮ್ಮ ಹೇಳುತ್ತಾಳೆ, ಹೂಂ ಅನ್ನು. ನಿನ್ನ ರಕ್ತದಲ್ಲೂ ಸಕ್ಕರೆ ಇದೆಯೆಂದು ಡೆನ್ವರಿನವರು ಹೇಳಿದ್ದು ಅವಳಿಗೆ ಗೊತ್ತಿಲ್ಲ. ದಪ್ಪ ಕಾಲುಚೀಲ ತಾ, ಒಳ್ಳೆಯ ಬೂಟು ತಾ. ಮನೆ ಬಾಗಿಲು ದಾಟಿದ ಕೂಡಲೇ ನಾನೇ ಹಾಕುತ್ತೇನೆ, ಗುಡಿ ಮುಟ್ಟುವವರೆಗೂ ಬಿಚ್ಚಲು ಬಿಡುವುದಿಲ್ಲ.